ಗಣಿಯೂರಿನ ಬಣ್ಣ

ಕಟ್ಟಡಗಳ ಎದುರಿಗೆ ಕುಳಿತು ಚಿತ್ರ ಬರೆಯುವ ನಮ್ಮ ಹವ್ಯಾಸಿಗಳಲ್ಲಿ ಒಂದು ಪಂಗಡವುಂಟು. ಗಣಿಯೂರು ಎಂಬ ಮಾತು ಕಿವಿಗೆ ಬಿದ್ದೊಡನೆ ಅವರ ಕೈ ಬಣ್ಣದ ಪೆಟ್ಟಿಗೆಯನ್ನು ಬಿಟ್ಟು ಇದ್ದಿಲ ಕಡ್ಡಿಯನ್ನು ಹುಡುಕತೊಡಗುತ್ತದೆ. ಪೋಲೆಂಡಿನ ಕಾತೊವಿತ್ಸೆ ನಗರಕ್ಕೆ ಸೇರಿದ ನಿಕಿಶೋವಿಯೆತ್ಸ್ ಎಂಬ ಗಣಿಕಾರ್ಮಿಕರ ಬಡಾವಣೆಗೆ ಈ ಬೇಸಗೆಯಲ್ಲಿ ನನ್ನೊಡನೆ ಬಂದಿದ್ದ ತರುಣ ಮಿತ್ರರು ಬೆಂಗಳೂರಿನವರು, ಉದ್ಯೋಗನಿಮಿತ್ತ ಯೂರೋಪಿನಲ್ಲಿ ನೆಲಸಿರುವವರು, ರೇಖೆಯಲ್ಲಿ ಚೆನ್ನಾಗಿ ಪಳಗಿದವರು. ಊರ ನಡುವಣ ಚೌಕದ ಬೆಂಚಿನ ಮೇಲೆ ಕುಳಿತವರೇ ಅವರು ದಪ್ಪ ಸಣ್ಣ ಇದ್ದಿಲ ಕಡ್ಡಿಗಳನ್ನೂ ಮೆತ್ತನೆಯ ರಬ್ಬರನ್ನೂ ಹರಡಿಕೊಂಡು, ನನ್ನ ಹಾಳೆಯ ಕಡೆಗೆ ಒಮ್ಮೆ ಕಣ್ಣುಹಾಯಿಸಿ, “ಸಾರ್, ಇದು ಕಲ್ಲಿದ್ದಲಿನ ಊರು. ಇಷ್ಟೊಂದು ಕೆಂಪು ಹಾಕಿಬಿಟ್ರೆ ಜಾತ್ರೆ ಚಿತ್ರ ಆಗಿಬಿಡತ್ತೆ” ಎಂದರು. ನಾನು ತಲೆಯೆತ್ತಿ ನೋಡಿದೆನು. ಎದುರಿಗೆ ಮೂರಂತಸ್ತಿನ ಕೆಂಪು ಇಟ್ಟಿಗೆಯ ಗೋಡೆ, ಗೋಡೆಯುದ್ದಕ್ಕೂ ಕಿಟಕಿಗಳು, ಪ್ರತಿಯೊಂದು ಕಿಟಕಿಯ ಒಳಪಕ್ಕಕ್ಕೂ ಇಟ್ಟಿಗೆಯನ್ನು ಮೀರಿಸುವ ಕೆಂಪು ಬಣ್ಣ. ಅಲ್ಲಿ ಕಪ್ಪು ಬೇಕೆನ್ನುವವನು ಅದನ್ನು ಹುಡುಕಿಕೊಂಡು ಹೋಗಬೇಕಾಗಿತ್ತು.

ಇದು ಅವರವರ ರುಚಿ ಎಂದು ಬಿಟ್ಟುಬಿಡಬಹುದಾಗಿತ್ತು. ಬಿಡಲು ಮನಸ್ಸು ಒಪ್ಪಲಿಲ್ಲ. ಕಂಡದ್ದನ್ನು ಬರೆಯುವುದೇ ಈ ಹವ್ಯಾಸದ ಪ್ರಾಣ. ಮನೆಯಿಂದ ಹೊರಡುವ ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಊರನ್ನೇ ಬರೆಯುವುದಾದರೆ, ಮಡಚುವ ಪೀಠವನ್ನೂ ನೀರಿನ ಡಬ್ಬಿಯನ್ನೂ ಹೊತ್ತುಕೊಂಡು ಅಷ್ಟು ದೂರ ಹೋಗಬೇಕಾದ ಅಗತ್ಯವೇನು? ಈ ಊರಿರುವ ಸೈಲೀಷಿಯಾ ಪ್ರಾಂತವೆಂದರೆ ಹೊಗೆ, ಗಣಿ ಎಂದರೆ ಕತ್ತಲೆ, ಕಾರ್ಮಿಕನೆಂದರೆ ದುಃಖ ಎಂಬ ಸಿದ್ಧ ಸಮೀಕರಣವೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದವರಿಗೆ ಎದುರಿಗಿರುವ ಗೋಡೆಯೇ ಕಾಣಿಸದೆ ಹೋಗುವುದನ್ನು ನಾನು ಅನೇಕ ಕಡೆಗಳಲ್ಲಿ ಕಂಡಿದ್ದೇನೆ. ಆದರೆ ಈ ಊರಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಂಡಿಲ್ಲ.

ಗೀಷೆ ಎಂಬ ಕಂಪೆನಿಯು ತನ್ನ ಗಣಿಯ ಕೆಲಸಗಾರರಿಗಾಗಿ 1908ರಲ್ಲಿ ಕಟ್ಟಿಸತೊಡಗಿದ ಊರು ಇದು. ಆಗ ಆ ನೆಲ ಪ್ರಷ್ಯಕ್ಕೆ ಸೇರಿತ್ತು; 1922ರಲ್ಲಿ ಪೋಲೆಂಡಿನ ಪಾಲಿಗೆ ಬಂತು. ನಕ್ಷೆ ಬರೆದವರು ಬರ್ಲಿನ್ನಿನ ಷಾರ್ಲೊಟನ್‌ಬುರ್ಗಿನಲ್ಲಿದ್ದ ಎಮಿಲ್ ಮತ್ತು ಗಿಯೋರ್ಗ್ ಟ್ಸಿಲ್ಮಾನ್ ಎಂಬ ದಾಯಾದಿ ಸೋದರರು. ಒಂಬತ್ತು ಬೃಹತ್ ಕಟ್ಟಡಗಳು, ಅವುಗಳಲ್ಲಿ ಸುಮಾರು ಸಾವಿರ ಮನೆಗಳು, ನಡುವೆ ಚೌಕ, ಚೌಕದಲ್ಲಿ ಕಮಾನುಸಾಲಿನ ಕೆಳಗೆ ಅಂಗಡಿಗಳು, ಎದುರಿಗೆ ಸಂತ ಆನಾಳ ಚರ್ಚು. ಸಾಮಾನ್ಯವಾದ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ. ಒಂದೊಂದು ಕಟ್ಟಡದ ವಿನ್ಯಾಸವನ್ನೂ ತಿಳಿಯಬೇಕಾದರೆ ನಮ್ಮ ತೊಟ್ಟಿಮನೆಯನ್ನು ನೆನೆದುಕೊಂಡು ಅದನ್ನು ಬೀದಿಯಷ್ಟಕ್ಕೆ ಹಿಗ್ಗಿಸಿಕೊಳ್ಳಬೇಕು: ಹೊರಗೆ ನಾಲ್ಕು ದಿಕ್ಕಿಗೂ ಮುಚ್ಚಿದ ಗೋಡೆ, ಒಳಗೆ ಎಲ್ಲರಿಗೂ ಸೇರಿದ ಒಂದೇ ಅಂಗಳ, ಬೀದಿಯಿಂದ ಅಂಗಳಕ್ಕೆ ಹೋಗಲು ಕಮಾನಿನ ದಾರಿ. ಕೆಲವು ಕಡೆ ಬೀದಿಯನ್ನು ಮೇಲಿನಿಂದಲೇ ದಾಟಿ ಒಂದು ಕಟ್ಟಡ ಇನ್ನೊಂದನ್ನು ಕೂಡಿಕೊಳ್ಳುತ್ತದೆ. ಕೆಳಗೆ ನಡೆಯುವವನ ತಲೆಯ ಮೇಲೆ ಯಾರೋ ಊಟ ಮಾಡುತ್ತಿರುತ್ತಾರೆ. ಊರಿಗೆ ಈ ಹೆಸರು ಬಂದದ್ದು ನಿಕಿಶ್ ಎಂಬ ಗಣಿಬಾವಿಯಿಂದ. ಅಲ್ಲಿನವರು ಇಂದಿಗೂ ಸಲಿಗೆಯಿಂದ ನಿಕಿಶ್ ಎಂದೇ ಕರೆಯುತ್ತಾರೆ.

ಮೊದಲು ಆ ಕಿಟಕಿಗಳ ಮಾತನ್ನು ಮುಗಿಸುತ್ತೇನೆ. ಈ ಊರಿನ ಚಿತ್ರ ಬರೆಯಹೊರಡುವವರಿಗೆ ನಾನು ಹೇಳುವ ಯುಕ್ತಿ ಒಂದೇ: ಗೋಡೆಗಿಂತ ಮುಂಚೆ ಕಿಟಕಿಯ ಕೆಂಪನ್ನು ಹಾಕಿರಿ. ಜಲವರ್ಣದ ಪಾಠಕ್ರಮ ಇದಕ್ಕೆ ನೇರ ವಿರುದ್ಧವಾದದ್ದು. ವಿಸ್ತಾರವಾದದ್ದು ಮೊದಲು, ಚಿಕ್ಕದು ಅನಂತರ. ತಿಳಿಯಾದದ್ದು ಮೊದಲು, ಗಾಢವಾದದ್ದು ಅನಂತರ ಎಂದು ನಾವೆಲ್ಲರೂ ಕಲಿತಿದ್ದೇವೆ, ಕಲಿಸುತ್ತಲೂ ಇದ್ದೇವೆ. ಆದರೆ ಇಲ್ಲಿ ಆ ಕ್ರಮವನ್ನು ಹಿಡಿದವನು ಗೋಡೆಗೆ ಧಾರಾಳವಾಗಿ ಕೆಂಪು ಬಳಿದು, ಕಿಟಕಿಯ ಸರದಿ ಬಂದಾಗ ಅದಕ್ಕಿಂತ ಕೆಂಪಾದದ್ದು ಪೆಟ್ಟಿಗೆಯಲ್ಲಿ ಉಳಿಯದೆ, ಕಿಟಕಿಯನ್ನು ಅರಚಿಸುತ್ತಾನೆ ಇಲ್ಲವೆ ಮಂಕಾಗಿಸುತ್ತಾನೆ. ಮೊದಲು ಆ ಒಂದು ಕೆಂಪನ್ನು, ಅದೂ ಕ್ಯಾಡ್ಮಿಯಂ ರೆಡ್ಡನ್ನು ಹೆಚ್ಚು ನೀರು ಸೋಕಿಸದೆ, ಹಾಳೆಯ ಮೇಲೆ ನಾಲ್ಕೈದು ಕಡೆ ನಿಲ್ಲಿಸಿಬಿಟ್ಟರೆ, ಗೋಡೆಯು ತಾನು ಎಷ್ಟು ಕೆಂಪಾಗಿರಬೇಕೆಂಬುದನ್ನು ತಾನೇ ಹೇಳುತ್ತದೆ. ನಾವು ತಿಳಿದುಕೊಂಡಿದ್ದಕ್ಕಿಂತ ಅದು ಬಹಳ ಕಡಮೆ ಕೆಂಪು, ಬಹುಪಾಲು ಕಂದು ಎಂಬುದು ಆಗ ಕಣ್ಣಿಗೆ ಬರುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಆ ಬಣ್ಣವನ್ನು ಬಳಿದಿರುವುದು ಗೋಡೆಯ ಮುಖದ ಮೇಲಲ್ಲ. ಕಿಟಕಿ ಒಳಸರಿದು ಕುಳಿತಿರುವುದರಿಂದ ಬಯಲಾಗುವ ಗೋಡೆಯ ದಪ್ಪದ ಮೇಲೆ. ನೇರವಾಗಿ ಎದುರಿಗೆ ನಿಂತವನಿಗೆ ಅದು ಸಣ್ಣ ಗೆರೆಯಾಗಿ ಮಾತ್ರ ಕಾಣುತ್ತದೆ. ಬೀದಿಯ ಕೊನೆಯಿಂದ ಓರೆಯಾಗಿ ನೋಡಿದಾಗ ಒಂದು ಪಕ್ಕ ಪೂರ್ತಿಯಾಗಿ ಮರೆಯಾಗಿ, ಇನ್ನೊಂದು ಪಕ್ಕ ಅಗಲವಾಗಿ ತೆರೆದುಕೊಂಡು, ಕಿಟಕಿಯ ಹಿಂದೆ ಕಿಟಕಿ, ಅದರ ಹಿಂದೆ ಕಿಟಕಿ ಎಂಬಂತೆ ಕೆಂಪು ಸೀಳುಗಳು ಬೀದಿಯುದ್ದಕ್ಕೂ ಕಿರಿದಾಗುತ್ತ ಸಾಗುತ್ತವೆ. ಗೋಡೆ ಎಷ್ಟು ದಪ್ಪ, ಬೀದಿ ಎಷ್ಟು ಉದ್ದ, ನೋಡುವವನು ಎಲ್ಲಿ ನಿಂತಿದ್ದಾನೆ ಎಂಬ ಮೂರನ್ನೂ ಆ ಸೀಳುಗಳೇ ಹೇಳುತ್ತವೆ. ದೃಷ್ಟಿರೇಖೆಗಳನ್ನು ಸ್ಕೇಲಿಟ್ಟು ಎಳೆಯುವ ಶ್ರಮವಿಲ್ಲದೆಯೇ ದೂರವು ಹಾಳೆಯ ಮೇಲೆ ಮೂಡಿಬಿಡುತ್ತದೆ. ಇದ್ದಿಲಲ್ಲಿ ಬರೆದರೆ ಇಷ್ಟನ್ನೂ ಕಳೆದುಕೊಂಡಂತೆಯೇ. ಕಿಟಕಿಯ ಪಕ್ಕವೂ ಗೋಡೆಯೂ ಒಂದೇ ಬೂದಿಯಾಗಿ ಬೆರೆತು, ಊರಿನ ಮುಖದಿಂದ ಕಣ್ಣುಗಳೇ ಹೊರಟುಹೋಗುತ್ತವೆ.

ಇಟ್ಟಿಗೆಯ ವಿಷಯದಲ್ಲಿ ನನಗೂ ನನ್ನ ಸಹ-ಹವ್ಯಾಸಿಗಳಿಗೂ ಬಹುಕಾಲದ ಜಗಳವಿದೆ. ಅದು ಈ ಊರಿನಲ್ಲಿ ಮತ್ತೆ ಹೊತ್ತಿಕೊಂಡಿತು. ಸ್ಕೇಲು ಹಿಡಿದು ವರಸೆ ವರಸೆಯಾಗಿ ಇಟ್ಟಿಗೆಗಳನ್ನು ಎಳೆಯುವ ಮಹನೀಯರಿದ್ದಾರೆ. ಗೋಡೆಯ ಎಡಮೂಲೆಯಲ್ಲಿ ಉತ್ಸಾಹದಿಂದ ಆರಂಭವಾದ ಇಟ್ಟಿಗೆಗಳು ಬಲಮೂಲೆಗೆ ಬರುವಷ್ಟರಲ್ಲಿ ಸುಸ್ತಾಗಿ ಹಿಗ್ಗಿಹೋಗಿರುತ್ತವೆ. ಅವರನ್ನಾದರೂ ಕ್ಷಮಿಸಬಹುದು, ಅವರು ನೋಡಿಯಾದರೂ ನೋಡಿದ್ದಾರೆ. ನನಗೆ ಸಹನೆ ತಪ್ಪುವುದು ಇನ್ನೊಂದು ಪಂಗಡದವರ ವಿಷಯದಲ್ಲಿ. ಇವರು ಗೋಡೆಗೆಲ್ಲ ಒಂದು ಕೆಂಪು ಬಳಿದು, ಒಣಗಿದ ಮೇಲೆ ಬಿಳಿಯ ಜೆಲ್ ಪೆನ್ನಿನಿಂದ ಅಲ್ಲೊಂದು ಇಲ್ಲೊಂದು ಸಂದು ಗೀಚಿ, ಇಟ್ಟಿಗೆಯ ಗೋಡೆ ಆಯಿತು ಎನ್ನುತ್ತಾರೆ. ಸ್ವಾಮೀ, ಗಾರೆಯ ಸಂದು ಎಲ್ಲಿ ಬಿಳಿಯಾಗಿದೆ? ಒಂದು ಶತಮಾನದ ಮಳೆ, ಹಿಮ, ಹೊಗೆಗಳನ್ನು ಕುಡಿದ ಗಾರೆಯು ಎಷ್ಟೋ ಕಡೆ ಇಟ್ಟಿಗೆಗಿಂತ ಕಪ್ಪಾಗಿದೆ, ದುರಸ್ತಿ ಕಂಡ ಕಡೆಗಳಲ್ಲಿ ತಿಳಿ ಬೂದಿಯಾಗಿದೆ, ನೀರಿಳಿಯುವ ಕೊಳವೆಯ ಪಕ್ಕದಲ್ಲಿ ಹಸಿರು ಹಿಡಿದಿದೆ. ಬಿಳಿಯ ಸಂದು ಇರುವುದು ಮಕ್ಕಳ ಪಠ್ಯಪುಸ್ತಕದ ಮನೆಯ ಚಿತ್ರದಲ್ಲಿ. ಎದುರಿಗಿರುವ ಗೋಡೆಯನ್ನು ನೋಡದೆ, ಎಂದೋ ಕಲಿತ ಇಟ್ಟಿಗೆಯ ಗುರುತನ್ನು ಹಾಳೆಯ ಮೇಲೆ ಒತ್ತುವುದಕ್ಕೆ ಅಷ್ಟು ಒಳ್ಳೆಯ ಕಾಗದವನ್ನು ಏಕೆ ಹಾಳುಮಾಡಬೇಕು?

ನಾನು ಅನುಸರಿಸುವ ಕ್ರಮ ಹೀಗೆ: ಹಾಳೆಯ ಆ ಭಾಗವನ್ನು ಚೆನ್ನಾಗಿ ತೋಯಿಸಿ, ಲೈಟ್ ರೆಡ್ ಮತ್ತು ಬರ್ನ್ಟ್ ಸಿಯೆನ್ನಾಗಳನ್ನು ಅಕ್ಕಪಕ್ಕದಲ್ಲಿ ಬಿಟ್ಟು, ಅವು ಹರಿದು ಕೂಡುವಲ್ಲಿ ಅಲ್ಟ್ರಾಮರೀನಿನ ಒಂದು ಬಿಂದುವನ್ನು ಕುಂಚದ ತುದಿಯಿಂದ ಮುಟ್ಟಿಸಿ, ಮುಂದಿನದನ್ನು ನೀರಿಗೇ ಒಪ್ಪಿಸುವುದು. ಪೂರ್ತಿ ಒಣಗಿದ ಮೇಲೆ ಇಟ್ಟಿಗೆಯನ್ನು ತೋರಿಸಬೇಕಾದದ್ದು ಗೋಡೆಯ ನಡುವೆಯಲ್ಲ. ಗಾರೆಕೆಲಸದವನು ಕೈ ತಡೆದು ಯೋಚಿಸಿದ ಕಡೆಗಳಲ್ಲಿ ಮಾತ್ರ. ಮೂಲೆಯ ತಿರುವು, ಕಿಟಕಿಯ ಮೇಲಣ ಕಮಾನು, ಎರಡು ಅಂತಸ್ತುಗಳ ನಡುವೆ ಹಾಯುವ ಪಟ್ಟಿ, ಬಾಗಿಲಿನ ಸುತ್ತ—ಇಷ್ಟು ಕಡೆ ವರಸೆಗಳನ್ನು ಗಮನವಿಟ್ಟು ಎಣಿಸಿ ಬರೆದರೆ ಉಳಿದ ಗೋಡೆಯನ್ನು ನೋಡುವವರ ಕಣ್ಣೇ ಕಟ್ಟಿಕೊಳ್ಳುತ್ತದೆ.

ಬಾಗಿಲೆಂದಾಗ ನಿಲ್ಲಲೇಬೇಕು. ಒಬ್ಬನೇ ಯಜಮಾನ, ಒಂದೇ ನಕ್ಷೆ, ಒಂದೇ ಇಟ್ಟಿಗೆ, ಒಳಗೆ ಬಹುಮಟ್ಟಿಗೆ ಒಂದೇ ಅಳತೆಯ ಮನೆಗಳು ಇರುವ ಊರಿನಲ್ಲಿ ಬಾಗಿಲುಗಳೂ ಒಂದೇ ಆಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕಂಪೆನಿಗೆ ಹಣವೂ ಉಳಿಯುತ್ತಿತ್ತು. ಟ್ಸಿಲ್ಮಾನರು ಹಾಗೆ ಮಾಡಲಿಲ್ಲ. ಒಂದು ಬಾಗಿಲಿನ ಮೇಲೆ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ ಅರ್ಧವೃತ್ತವಾಗಿ ತಿರುಗಿಸಿದೆ. ಅದೇ ಬೀದಿಯ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಕಮಾನು ತಗ್ಗಿ, ಒಂದು ಬಿಟ್ಟು ಒಂದು ಇಟ್ಟಿಗೆ ಹೊರಚಾಚಿ ನೆರಳನ್ನು ತುಂಡುತುಂಡು ಮಾಡುತ್ತದೆ. ಇನ್ನೊಂದು ಕಡೆ ಗೋಡೆ ಮೂರು ಮೆಟ್ಟಿಲಾಗಿ ಒಳಸರಿದು ಬಾಗಿಲನ್ನು ಆಳಕ್ಕೆ ಇಳಿಸಿದೆ. ಗಣಿಯಿಂದ ಮರಳುವ ಮನುಷ್ಯನು ಎಣಿಸದೆಯೇ ತನ್ನ ಬಾಗಿಲನ್ನು ಗುರುತಿಸಬೇಕೆಂಬ ಔದಾರ್ಯ ಅದು ಎಂದು ನಾನು ನಂಬಿದ್ದೇನೆ. ಇದನ್ನು ಯಾರಾದರೂ ಅಲಂಕಾರವೆಂದರೆ ನಾನು ಒಪ್ಪುವುದಿಲ್ಲ. ಸಾವಿರ ಸಂಸಾರಗಳನ್ನು ಒಂದು ಅಚ್ಚಿನಲ್ಲಿ ಎರೆಯುವ ಅಧಿಕಾರ ಕೈಯಲ್ಲಿದ್ದಾಗ, ಹೊಸ್ತಿಲಿನ ಬಳಿಯಲ್ಲಾದರೂ ಒಂದೊಂದು ಸಂಸಾರವನ್ನು ಬೇರೆಯೆಂದು ಗೌರವಿಸಿದ್ದು ದೊಡ್ಡ ವಿಚಾರ. ಇಂದು ನಮ್ಮ ನಗರಗಳಲ್ಲಿ ಎದ್ದೇಳುತ್ತಿರುವ ವಸತಿಸಮುಚ್ಚಯಗಳ ಬಾಗಿಲುಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗಿ ಸಂಕಟವಾಗುತ್ತದೆ.

ಚಿತ್ರ ಬರೆಯುವವರೂ ಛಾಯಾಚಿತ್ರ ತೆಗೆಯುವವರೂ ಈ ಬಾಗಿಲುಗಳನ್ನು ದಾಟಿಹೋಗಿ ಚೌಕದಲ್ಲೇ ನೆರೆಯುತ್ತಾರೆ. ಅಲ್ಲಿ ಒಂದು ಗೋಡೆಯ ಮೇಲೆ ಗುಲಾಬಿಗಳ ಮೊಸಾಯಿಕ್ ಇದೆ, ಅದರ ಎದುರಿಗೆ ಸಾಲು ನಿಲ್ಲುತ್ತಾರೆ. ಮೊಸಾಯಿಕ್ ಚೆನ್ನಾಗಿಯೇ ಇದೆ. ಆದರೆ ಊರು ಬದುಕಿದ್ದು ಅಂಗಳದಲ್ಲಿ. ಅಲ್ಲಿ ಒಂದು ಕಾಲಕ್ಕೆ ಹಂದಿಯ ಗೂಡುಗಳಿದ್ದವು, ಕೋಳಿಗಳಿದ್ದವು, ಹಲವು ಮನೆಗಳವರು ಸರದಿಯಲ್ಲಿ ಬ್ರೆಡ್ ಸುಡುತ್ತಿದ್ದ ಒಲೆಗಳಿದ್ದವು. ಈಗ ಹುಲ್ಲು, ಮರ, ಮಕ್ಕಳ ಜೋಕಾಲಿ, ಒಣಹಾಕಿದ ಬಟ್ಟೆ. ಅಂಗಳದ ಮೂಲೆಯಲ್ಲಿ ಕುಳಿತು ಕಮಾನಿನ ದಾರಿಯ ಮೂಲಕ ಬೀದಿಯನ್ನು ನೋಡುತ್ತ ಬರೆದರೆ, ಹತ್ತಿರದ ನೆರಳು, ಕಮಾನಿನೊಳಗಿನ ಕತ್ತಲೆ, ಆಚೆಯ ಬಿಸಿಲುಗೋಡೆ ಎಂಬ ಮೂರು ಪದರಗಳು ಕೇಳದೆಯೇ ದೊರಕುತ್ತವೆ. ನಾನು ಕುಳಿತ ಅಂಗಳದಲ್ಲಿ ವೃದ್ಧೆಯೊಬ್ಬರು ಮೇಲಂತಸ್ತಿನ ಕಿಟಕಿಯ ಹಲಗೆಯ ಮೇಲೆ ದಿಂಬನ್ನಿಟ್ಟು, ಅದಕ್ಕೆ ಮೊಳಕೈ ಊರಿ, ನಾನು ಕುಂಚ ತೊಳೆಯುವವರೆಗೂ ನೋಡುತ್ತಲೇ ಇದ್ದರು. ನನ್ನ ಚಿತ್ರದಲ್ಲಿ ಅವರೂ ಇದ್ದಾರೆ, ದಿಂಬೂ ಇದೆ.

ಹೊಗೆಯ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಮಸಿ ಇತ್ತು. ಕಿಟಕಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಉಸಿರಿನಲ್ಲಿ ಇತ್ತು. ಆದರೆ ಅಲ್ಲಿನವರು ಮಸಿಯನ್ನು ಒಪ್ಪಿಕೊಂಡು ಕುಳಿತಿರಲಿಲ್ಲ, ತೊಳೆಯುತ್ತಿದ್ದರು. ಊರು ಕಟ್ಟುವಾಗಲೇ ಎಲ್ಲ ಮನೆಗಳಿಗೂ ಸಾಮಾನ್ಯವಾಗಿ ಒಂದು ಒಗೆಯುವ ಮನೆ, ಬಟ್ಟೆಗಳನ್ನು ಉರುಳೆಯ ನಡುವೆ ಒತ್ತಿ ನಯಮಾಡುವ ಯಂತ್ರಶಾಲೆ ಇದ್ದವು. ಹೆಂಗಸರು ಕುದಿಯುವ ನೀರಿನೊಡನೆಯೂ ಸಾಬೂನಿನೊಡನೆಯೂ ಹೋರಾಡಿದ ಆ ಕಟ್ಟಡ ರಿಮಾರ್ಸ್ಕಾ ಬೀದಿಯಲ್ಲಿ ಇಂದಿಗೂ ನಿಂತಿದೆ. ಈಗ ಅದು ಕಾತೊವಿತ್ಸೆಯ ಇತಿಹಾಸ ವಸ್ತುಸಂಗ್ರಹಾಲಯದ ಶಾಖೆ. ಒಂದು ಕಡೆ ಒಗೆತದ ಸಲಕರಣೆಗಳು, ಇನ್ನೊಂದು ಕಡೆ ಗಣಿಕಾರ್ಮಿಕನ ಮನೆಯ ಕೋಣೆಗಳನ್ನು ಇದ್ದಂತೆಯೇ ಹೂಡಿದ ಪ್ರದರ್ಶನ. ಮತ್ತೊಂದು ಭಾಗದಲ್ಲಿ, ನಾನು ಅಷ್ಟು ದೂರ ಹೋದದ್ದಕ್ಕೆ ಕಾರಣವಾದ ಚಿತ್ರಗಳು: ಯಾನೂಫ್ ಬಳಗದವರವು.

ನಿಕಿಶೋವಿಯೆತ್ಸಿನ ಪಕ್ಕದ ಬಡಾವಣೆ ಯಾನೂಫ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಗಣಿಯ ಸಾಂಸ್ಕೃತಿಕ ಭವನದ ಆಶ್ರಯದಲ್ಲಿ ಚಿತ್ರ ಬರೆಯುವ ಕೆಲಸಗಾರರು ಒಂದುಗೂಡಿದರು. ಕಲಾಶಾಲೆ ಅವರಿಗೆ ದೂರದ ಮಾತು. ಪಾಳಿ ಮುಗಿಸಿ, ಮೈತೊಳೆದು, ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದವರು. ಅವರಲ್ಲಿ ಹಿರಿಯರು ತೆಯೋಫಿಲ್ ಒಚೆಪ್ಕಾ. 1891ರಲ್ಲಿ ಹುಟ್ಟಿದವರು, ಗಣಿಯ ವಿದ್ಯುದಾಗಾರದಲ್ಲಿ ಯಂತ್ರ ನಡೆಸುತ್ತಿದ್ದವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗುಹ್ಯವಿದ್ಯೆಯ ಪುಸ್ತಕಗಳು ಕೈಗೆ ಬಿದ್ದು, ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿದ್ದ ಗುರುವೊಬ್ಬರೊಡನೆ ಪತ್ರವ್ಯವಹಾರ ಬೆಳೆದು, ಆ ಮಾರ್ಗದ ಅನ್ವೇಷಣೆಯೇ ಅವರನ್ನು ಚಿತ್ರಕ್ಕೆ ತಂದಿತು. ಅವರ ಹಲಗೆಗಳಲ್ಲಿ ಕಾಣುವುದು ಬೇರೆ ಗ್ರಹಗಳ ಕಾಡುಗಳು, ಶನಿಗ್ರಹದ ಸಿಂಹ, ಹೆಸರಿಲ್ಲದ ಮೃಗಗಳು, ಪ್ರತಿಯೊಂದು ಎಲೆಗೂ ತನ್ನದೇ ಅಂಚನ್ನು ಕೊಟ್ಟು ಬರೆದ ಗಿಡಗಳು. ಹಸಿರು ಅಂದರೆ ಅಂಥ ಹಸಿರು! ಅದರ ಪಕ್ಕದಲ್ಲಿ ಕಿತ್ತಳೆ, ಅದರ ಹಿಂದೆ ಆಳವಾದ ನೀಲಿ. ಕವಿ ಯೂಲಿಯಾನ್ ತೂವಿಮ್ ಇವರ ಚಿತ್ರಗಳಿಗೆ ಬೆಂಬಲವಾಗಿ ನಿಂತರು. 1948ರಲ್ಲಿ ವಾರ್ಸಾದಲ್ಲಿ ಪ್ರದರ್ಶನವಾಯಿತು.

ಎವಾಲ್ಡ್ ಗಾವ್ಲಿಕರ ಚಿತ್ರಗಳಲ್ಲಿ ನಾನು ಹೊರಗೆ ಬಿಟ್ಟುಬಂದ ಬೀದಿಗಳೇ ಇದ್ದವು, ಮೆರವಣಿಗೆಗಳೂ ಮದುವೆಗಳೂ ತುಂಬಿಕೊಂಡು. ಪಾವೆಲ್ ವ್ರೂಬೆಲ್ಲರ ಸೈಲೀಷಿಯಾದಲ್ಲಿ ಚಿಮಣಿಗಳಿವೆ, ಮನೆಗಳಿವೆ, ಎಲ್ಲೆಲ್ಲೂ ಸಣ್ಣ ಸಣ್ಣ ಜನರಿದ್ದಾರೆ. ಒಬ್ಬನೂ ಕೆಲಸವಿಲ್ಲದೆ ನಿಂತಿಲ್ಲ. ಎರ್ವಿನ್ ಸೂಫ್ಕಾ ಅವರ ಮುಂದೆ ನಾನು ಬಹಳ ಹೊತ್ತು ನಿಂತೆನು. 1936ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಇವರು ಗಣಿಯಲ್ಲಿಯೇ ದುಡಿದವರು, ಹಳೆಯ ಬಳಗದ ಕೊನೆಯ ತಲೆಮಾರಿನವರು. ಗಣಿಗಾರರ ಅಧಿದೇವತೆಯಾದ ಸಂತ ಬಾರ್ಬರಾ, ತುಂಬುಮೈಯ ಹೆಂಗಸರು, ಹಿನ್ನೆಲೆಯಲ್ಲಿ ನಿಕಿಶಿನ ಇಟ್ಟಿಗೆಮನೆಗಳು—ಇವು ಅವರಿಗೆ ಮತ್ತೆ ಮತ್ತೆ ಬೇಕಾದ ವಸ್ತುಗಳು. ಪೌರ್ವಾತ್ಯ ತತ್ತ್ವಚಿಂತನೆಯೂ ನಮ್ಮ ದೇವತೆಗಳ ರೂಪಗಳೂ ಅವರನ್ನು ಗಾಢವಾಗಿ ಸೆಳೆದಿದ್ದವು. ಸೈಲೀಷಿಯಾದ ನೆಲದಾಳದಲ್ಲಿ ಪಾಳಿ ದುಡಿದು ಮೇಲೆ ಬಂದ ಮನುಷ್ಯನೊಬ್ಬನು ಗಂಗೆಯ ಕಡೆಯ ದೇವತೆಗಳಿಗೆ ತನ್ನ ಊರಿನಲ್ಲಿ ಎಡೆಮಾಡಿಕೊಟ್ಟನೆಂಬುದನ್ನು ನೆನೆದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ನನ್ನ ಮನಸ್ಸು ಕುದಿದದ್ದು ಈ ಕೋಣೆಯಲ್ಲಿ. ಸುತ್ತಲಿನ ಗೋಡೆಗಳಲ್ಲಿ ಕಪ್ಪು ಎಷ್ಟಿತ್ತೆಂದು ನೋಡಿದೆನು. ಕಲ್ಲಿದ್ದಲನ್ನು ಕೈಯಾರೆ ಅಗೆದವರು, ಕತ್ತಲೆಯೆಂದರೇನೆಂಬುದನ್ನು ದೀಪ ಆರಿದಾಗ ಕಂಡವರು, ಒಬ್ಬರಾದ ಮೇಲೊಬ್ಬರು ಹಸಿರು, ನೀಲಿ, ಕೆಂಪುಗಳನ್ನೇ ಹಿಡಿದಿದ್ದಾರೆ. ಕಪ್ಪು ಬಂದಲ್ಲಿ ಅದೂ ಒಂದು ಬಣ್ಣವಾಗಿ, ತನ್ನ ಎಡೆಯಲ್ಲಿ ಬಂದಿದೆ. ಹಾಗಿರುವಾಗ ಗಣಿಯೊಳಕ್ಕೆ ಒಮ್ಮೆಯೂ ಇಳಿಯದ ನಾವು ಹೊರಗಿನಿಂದ ಬಂದು ಅವರ ಮನೆಗಳಿಗೆ ಮಸಿ ಬಳಿಯುವುದು ಯಾವ ಅಧಿಕಾರದಿಂದ? ಸೋಷಲಿಸ್ಟ್ ವಾಸ್ತವವಾದವು ಪೋಲೆಂಡಿನ ಕಲೆಯನ್ನು ಆಳುತ್ತಿದ್ದ ವರ್ಷಗಳಲ್ಲಿ ಅಧಿಕಾರಿಗಳು ಇದೇ ಕೆಲಸವನ್ನು ಮಾಡಹೊರಟಿದ್ದರು. ಕಾರ್ಮಿಕನು ಕಾರ್ಮಿಕನಂತೆ ಬರೆಯಬೇಕು, ಗಣಿಯನ್ನೂ ಉತ್ಪಾದನೆಯನ್ನೂ ಬರೆಯಬೇಕು, ಶನಿಗ್ರಹದ ಸಿಂಹ ಅವನಿಗೇಕೆ ಎಂದು ಒಚೆಪ್ಕಾರಂಥವರ ಮೇಲೆ ಒತ್ತಡ ತಂದರು. ಆ ಅಧಿಕಾರಿಗಳು ಹೋದರು. ಆದರೆ ಗಣಿಗಾರನಿಂದ ಗಣಿಯ ದುಃಖವನ್ನಷ್ಟೇ ನಿರೀಕ್ಷಿಸುವ ರಸಿಕರು ಇನ್ನೂ ಇದ್ದಾರೆ. ಇಂಥವರು ಈ ಚಿತ್ರಗಳ ಮುಂದೆ ನಿಂತು, ತರಬೇತಿಯಿಲ್ಲದವರು ಪಾಪ, ಮಕ್ಕಳ ಮನಸ್ಸು ಎಂದು ಮೆಚ್ಚಿ ತಲೆದೂಗುವುದನ್ನು ಕೇಳಿದಾಗ ನನಗೆ ಬರುವ ಕೋಪವನ್ನು ಸೌಮ್ಯವಾದ ಮಾತಿನಲ್ಲಿ ಹೇಳಲಾರೆ. ಒಚೆಪ್ಕಾ ಓದಿದ ಪುಸ್ತಕಗಳನ್ನು ಇವರು ಓದಿಲ್ಲ. ಒಂದು ಎಲೆಯ ಅಂಚಿಗೆ ಅವರು ಕೊಟ್ಟ ಹೊತ್ತನ್ನು ಇವರು ಇಡೀ ಪ್ರದರ್ಶನಕ್ಕೂ ಕೊಡುವುದಿಲ್ಲ. ನೋಟದಲ್ಲಿ ಅಷ್ಟು ಶಿಸ್ತುಳ್ಳ ಮನುಷ್ಯನನ್ನು ಮಗುವೆಂದು ಕರೆಯಲು ನಾಲಗೆ ಹೇಗೆ ಏಳುತ್ತದೆ?

ನಮ್ಮ ಕೋಲಾರದ ಚಿನ್ನದ ಗಣಿಯೂರಿಗೂ ಇದೇ ಗತಿಯಾಗಿದೆ. 2001ರಲ್ಲಿ ಗಣಿ ನಿಂತಂದಿನಿಂದ ಅಲ್ಲಿಗೆ ಹೋಗುವ ಚಿತ್ರಕಾರರು ತುಕ್ಕುಹಿಡಿದ ಗಣಿಗೋಪುರವನ್ನೂ ಸಯನೈಡ್ ದಿಬ್ಬಗಳನ್ನೂ ಬರೆದುಕೊಂಡು ಹಿಂದಿರುಗುತ್ತಾರೆ. ಲೈನು ಮನೆಗಳ ಬಾಗಿಲುಗಳಿಗೆ ಬಳಿದ ನೀಲಿ, ಹಸಿರು, ಮುಂದಣ ರಂಗೋಲಿ ಅವರ ಹಾಳೆಗೆ ಬರುವುದೇ ಇಲ್ಲ. ಹಾಳಾದದ್ದು ಮಾತ್ರ ಗಂಭೀರ, ಬಾಳುತ್ತಿರುವುದು ಹಗುರ ಎಂದು ಇವರಿಗೆ ಯಾರು ಕಲಿಸಿದರೋ ತಿಳಿಯದು.

ಸಂಗ್ರಹಾಲಯದಿಂದ ಹೊರಟು ಯಾನೂಫಿನ ಕಡೆಗೆ ನಡೆದರೆ ವಿಲ್ಸನ್ ಶಾಫ್ಟ್ ಸಿಗುತ್ತದೆ. ರಿಖ್ಟ್‌ಹೋಫೆನ್ ಎಂಬ ಹೆಸರಿನಲ್ಲಿ ಆರಂಭವಾದ ಗಣಿಬಾವಿ ಅದು. ಅನಂತರ ವಿಲ್ಸನ್ ಆಯಿತು. ಎರಡು ಮಹಾಯುದ್ಧಗಳ ನಡುವೆ, 1926ರಲ್ಲಿ, ಗೀಷೆ ಕಂಪೆನಿಗೆ ಅಮೆರಿಕದ ಬಂಡವಾಳ ಬಂದಿತ್ತು. ಕಲ್ಲಿದ್ದಲಿನ ಕೆಲಸ ನಿಂತ ಮೇಲೆ, ಪಾಳಿಗೆ ಮುಂಚೆ ಗಣಿಗಾರರು ಸೇರುತ್ತಿದ್ದ ಹಜಾರವೂ ಅವರ ಸ್ನಾನಗೃಹವೂ ಖಾಸಗಿ ಕಲಾಗ್ಯಾಲರಿಯಾಗಿ ಮಾರ್ಪಟ್ಟವು. ಎರಡೂವರೆ ಸಾವಿರ ಚದರ ಮೀಟರಿನಷ್ಟು ವಿಸ್ತಾರ. 2008ರಿಂದ ಅಲ್ಲಿ ಬೇಸಗೆಯಲ್ಲಿ ಕಲಾಶಾಲೆಯ ಮೆಟ್ಟಿಲು ಹತ್ತದ ಚಿತ್ರಕಾರರ ಉತ್ಸವ ನಡೆಯುತ್ತ ಬಂದಿದೆ. ಬೇರೆ ಬೇರೆ ದೇಶಗಳ ಕೃತಿಗಳು ಬರುತ್ತವೆ. ಎತ್ತರವಾದ ಹಜಾರ, ಮೇಲಿನಿಂದ ಇಳಿಯುವ ಸಮನಾದ ಬೆಳಕು, ಚಿತ್ರಗಳ ನಡುವೆ ಉಸಿರಾಡುವಷ್ಟು ಅಂತರ. ಇಂದಿನ ವೃತ್ತಿಪರರ ದೊಡ್ಡ ದೊಡ್ಡ ಕ್ಯಾನ್‌ವಾಸುಗಳೂ ಅಲ್ಲಿ ಇರುತ್ತವೆ. ಅವುಗಳಲ್ಲಿ ಕೆಲವನ್ನು ನಾನು ಬೇಗನೆ ದಾಟಿದೆನು. ಅಷ್ಟು ದೊಡ್ಡ ಅಳತೆಯಲ್ಲಿ ಅಷ್ಟು ಕಡಮೆ ನೋಡಿರುವುದನ್ನು ಕಂಡು ಬೇಸರವಾಯಿತು. ಆದರೆ ಎರಡೂ ಬಗೆಯವರನ್ನು ಒಂದೇ ಮಾಡಿನ ಕೆಳಗೆ, ಒಂದೇ ಬೆಳಕಿನಲ್ಲಿ, ಒಂದೇ ಎತ್ತರದಲ್ಲಿ ತೂಗುಹಾಕಿರುವ ಧೈರ್ಯಕ್ಕೆ ಮೆಚ್ಚಲೇಬೇಕು. ನಾನು ಬಲ್ಲ ಎಷ್ಟೋ ಗ್ಯಾಲರಿಗಳು ಜಾನಪದ ಎಂಬ ಹೆಸರಿನಲ್ಲಿ ಇಂಥ ಚಿತ್ರಗಳನ್ನು ಮೆಟ್ಟಿಲಿನ ಕೆಳಗಣ ಓಣಿಗೆ ಕಳಿಸಿಬಿಡುತ್ತವೆ.

ಹೋಗುವವರಿಗೆ ನನ್ನ ಆಗ್ರಹದ ಮಾತೊಂದಿದೆ: ಈ ಎರಡು ಕಡೆಯನ್ನೂ ಒಂದೇ ದಿನ, ನಡೆದುಕೊಂಡೇ ನೋಡಬೇಕು, ಅದೂ ಊರನ್ನು ಮೊದಲು, ಗ್ಯಾಲರಿಯನ್ನು ಅನಂತರ. ಕಾರಿನಲ್ಲಿ ನೇರವಾಗಿ ಸಂಗ್ರಹಾಲಯದ ಇಲ್ಲವೆ ಗ್ಯಾಲರಿಯ ಬಾಗಿಲಿಗೆ ಇಳಿದವರಿಗೆ ಸೂಫ್ಕಾರ ಹಿನ್ನೆಲೆಯ ಮನೆಗಳು ಬರಿಯ ಮನೆಗಳು. ಕಿಟಕಿಯ ಕೆಂಪನ್ನು ಕಲಸಿ ಕಲಸಿ ಬೆರಳಿಗೆ ಅಂಟಿಸಿಕೊಂಡು ಬಂದವರಿಗೆ ಮಾತ್ರ ಅವು ಇಂಥ ಬೀದಿಯ, ಇಂಥ ಮೂಲೆಯ ಮನೆಗಳು. ಹಾಗೆ ಗುರುತು ಹತ್ತಿದ ಮೇಲೆ ಚಿತ್ರಕಾರನು ಎಲ್ಲಿ ಊರನ್ನು ಇದ್ದಂತೆಯೇ ಬರೆದ, ಎಲ್ಲಿ ಬೇಕೆಂದೇ ತಿರುಚಿದ ಎಂಬುದು ತಿಳಿಯುತ್ತದೆ. ಆಗ ಅವನೊಡನೆ ಮಾತು ಶುರುವಾಗುತ್ತದೆ.

ಹೀಗೆ ಹೋಲಿಸಿ ನೋಡಲು ಊರು ಉಳಿದಿರುವುದೇ ಭಾಗ್ಯ. ಅದೇ ಟ್ಸಿಲ್ಮಾನರು ನಿಕಿಶಿಗೆ ಸ್ವಲ್ಪ ಮೊದಲು, 1907ರಿಂದ, ಪಕ್ಕದಲ್ಲೇ ಗಿಶೋವಿಯೆತ್ಸ್ ಎಂಬ ಇನ್ನೊಂದು ಊರನ್ನು ಕಟ್ಟಿದ್ದರು; ಅದು ಇಟ್ಟಿಗೆಯ ಕೋಟೆಯಲ್ಲ, ಸೈಲೀಷಿಯಾದ ರೈತರ ಮನೆಗಳ ಮಾದರಿಯ ಪುಟ್ಟ ಮನೆಗಳು, ಒಂದೊಂದಕ್ಕೂ ತೋಟ. ಎರಡು ಊರುಗಳ ನಡುವೆ ಬಾಲ್ಕನ್ ಎಂದು ಜನ ಕರೆಯುತ್ತಿದ್ದ ಸಣ್ಣ ರೈಲು ದುಡ್ಡಿಲ್ಲದೆ ಒಯ್ಯುತ್ತಿತ್ತು. 1960ರ ದಶಕದ ಕೊನೆಯಿಂದ ಆ ತೋಟದ ಊರಿನ ದೊಡ್ಡ ಭಾಗವನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿದರು. ಪಕ್ಕದ ಊರಿನವರೇ ಆದ ಚಲನಚಿತ್ರ ನಿರ್ದೇಶಕ ಕಾಜಿಮಿಯೆಶ್ ಕುತ್ಸ್ ಆ ಕೆಡವಿಕೆಯ ಮೇಲೆಯೇ ಒಂದು ಚಿತ್ರ ಮಾಡಿದರು. ಉಳಿದದ್ದು ಉಳಿದದ್ದಕ್ಕೆ 1978ರ ರಕ್ಷಣೆಯ ಆಜ್ಞೆ ಕಾರಣ. ನಿಕಿಶಿಗೆ 2011ರಲ್ಲಿ ರಾಷ್ಟ್ರದ ಇತಿಹಾಸ ಸ್ಮಾರಕವೆಂಬ ಪದವಿಯೂ ದೊರಕಿತು. ಅದರ ಗಣಿ ಮಾತ್ರ 2018ರಲ್ಲಿ ನಿಂತಿತು.

ಪದವಿಯ ಫಲಕವಿದ್ದರೂ ಕೆಲವು ಮನೆಗಳಲ್ಲಿ ಮರದ ಕಿಟಕಿ ಹೋಗಿ ಪ್ಲಾಸ್ಟಿಕ್ಕಿನ ಚೌಕಟ್ಟು ಬಂದಿರುವುದನ್ನು ಕಂಡೆನು. ಮನೆಯವರನ್ನು ದೂರಲಾರೆ, ಅಲ್ಲಿನ ಚಳಿಯನ್ನು ಅನುಭವಿಸುವವರು ಅವರು. ಆದರೆ ಬಾಗಿಲುಗಳಲ್ಲಿ ಬಹುಪಾಲು ಇನ್ನೂ ಹಳೆಯವೇ. ಮುಂದಿನ ಬೇಸಗೆಯಲ್ಲಿ ಹೋದಾಗ ಚೌಕದ ಕಡೆಗೆ ಸುಳಿಯದೆ, ಒಗೆಯುವ ಮನೆಯ ಬೀದಿಯಿಂದ ಹಿಡಿದು ಒಂದೊಂದೇ ಬಾಗಿಲಿನ ಎದುರಿಗೆ ಕುಳಿತು, ಕಮಾನಿನ ಇಟ್ಟಿಗೆಗಳನ್ನು ಎಣಿಸಿ, ಮನೆಯ ಸಂಖ್ಯೆಯನ್ನೂ ಕೆಳಗೆ ಬರೆದು, ಒಂಬತ್ತು ಕಟ್ಟಡಗಳ ಬಾಗಿಲುಗಳನ್ನೂ ಕೂಡಿಸಬೇಕೆಂದು ನಿಶ್ಚಯಿಸಿದ್ದೇನೆ. ಒಂದು ಬೇಸಗೆಯಲ್ಲಿ ಮುಗಿಯುವ ಕೆಲಸ ಇದಲ್ಲ. ಕಣ್ಣೂ ಕೈಯೂ ಚುರುಕಾಗಿರುವ ಇಬ್ಬರು ಜೊತೆಗೆ ಬಂದರೆ ಬೀದಿಗಳನ್ನು ಹಂಚಿಕೊಳ್ಳಬಹುದು. ಕೆಂಪಿನ ಟ್ಯೂಬುಗಳನ್ನು ಮಾತ್ರ ಧಾರಾಳವಾಗಿ ತರಲಿ.